ಸೋತ ವರ್ಷವನ್ನು ಕಾಪಿಟ್ಟುಕೊಂಡ ಕ್ಲಬ್ಬು

ಫುಟ್‌ಬಾಲ್ ಕ್ಲಬ್ಬುಗಳಿಗೆ ಹೆಸರು ಬರುವುದು ಸಾಮಾನ್ಯವಾಗಿ ಊರಿನಿಂದ, ಬಡಾವಣೆಯಿಂದ, ಕೆಲವೊಮ್ಮೆ ಕಾರ್ಖಾನೆಯಿಂದ. ಕಾದಂಬರಿಯೊಂದರ ಹೆಸರನ್ನು ಹೊತ್ತು ಒಂದೂವರೆ ಶತಮಾನದಿಂದ ಆಡುತ್ತಿರುವ ದೊಡ್ಡ ಕ್ಲಬ್ಬು ನಾನು ಬಲ್ಲಂತೆ ಒಂದೇ. ಅದು ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದ ‘ಹಾರ್ಟ್ ಆಫ್ ಮಿಡ್‌ಲೋಥಿಯನ್’. ಅಭಿಮಾನಿಗಳ ಬಾಯಲ್ಲಿ ಬರೀ ‘ಹಾರ್ಟ್ಸ್’. ನಾನು ಈ ಕ್ಲಬ್ಬಿನ ಚರಿತ್ರೆಯ ಕಡೆ ತಿರುಗಿದ್ದು ಆಟದ ಹುಚ್ಚಿನಿಂದಲ್ಲ, ವಾಲ್ಟರ್ ಸ್ಕಾಟ್‌ನ ದೆಸೆಯಿಂದ. ಹೆಸರಿನ ಬೆನ್ನು ಹತ್ತಿ ಹೋದವನಿಗೆ ಸಿಕ್ಕಿದ್ದು ಇನ್ನೊಂದೇ ಕಥೆ. ತಾನು ಗೆದ್ದ ಕಪ್ಪುಗಳಿಗಿಂತ ಹೆಚ್ಚಾಗಿ, ಗೆಲ್ಲದೆ ಹೋದ ಒಂದು ವರ್ಷವನ್ನು ಆಧಾರವಾಗಿಟ್ಟುಕೊಂಡು ತಾನು ಯಾರು ಎಂದು ಹೇಳಿಕೊಳ್ಳುವ ಸಂಸ್ಥೆಯ ಕಥೆ ಅದು.

ಮೊದಲು ಹೆಸರಿನ ವಿಚಾರ. ಎಡಿನ್‌ಬರೋದ ಹಳೆಯ ಪೇಟೆಯಲ್ಲಿ, ಸೇಂಟ್ ಜೈಲ್ಸ್ ಚರ್ಚಿನ ಮಗ್ಗುಲಲ್ಲಿ, ಟೋಲ್‌ಬೂತ್ ಎಂಬ ಕಟ್ಟಡವಿತ್ತು. ಸುಂಕ ವಸೂಲಿ, ನ್ಯಾಯಾಲಯ, ಪುರಸಭೆ ಎಂದು ಹಲವು ಕೆಲಸಗಳಿಗೆ ಬಳಕೆಯಾಗಿ ಕೊನೆಗೆ ಅದು ನಗರದ ಸೆರೆಮನೆಯಾಯಿತು. ಮಿಡ್‌ಲೋಥಿಯನ್ ಎಂಬುದು ಎಡಿನ್‌ಬರೋ ಇರುವ ಸೀಮೆಯ ಹೆಸರು. ಜನ ಆ ಕತ್ತಲೆ ಕೋಣೆಗಳ ಕಟ್ಟಡವನ್ನು ‘ಮಿಡ್‌ಲೋಥಿಯನ್ನಿನ ಹೃದಯ’ ಎಂದು ಕರೆಯುತ್ತಿದ್ದರು. ಅದರಲ್ಲಿ ಪ್ರೀತಿಗಿಂತ ವ್ಯಂಗ್ಯವೇ ಹೆಚ್ಚಿದ್ದಿರಬೇಕು. 1817ರಲ್ಲಿ ಕಟ್ಟಡವನ್ನು ಕೆಡವಿದರು. ಅದರ ಬಾಗಿಲನ್ನು ಸ್ಕಾಟ್ ತನ್ನ ಅಬಟ್ಸ್‌ಫರ್ಡ್ ಮನೆಗೆ ಸಾಗಿಸಿಕೊಂಡ. ಮರುವರ್ಷ, ಅಂದರೆ 1818ರಲ್ಲಿ, ಅದೇ ಹೆಸರಿನ ಕಾದಂಬರಿ ಬಂತು. ಸೆರೆಮನೆ ಇದ್ದ ಜಾಗದಲ್ಲಿ ಇಂದಿಗೂ ರಸ್ತೆಯ ಕಲ್ಲುಹಾಸಿನಲ್ಲಿ ಹೃದಯದ ಆಕಾರ ಜೋಡಿಸಿದ್ದಾರೆ. ಹಾದುಹೋಗುವವರು ಅದರ ಮೇಲೆ ಉಗುಳುವುದು ಊರಿನ ಹಳೆಯ ರೂಢಿ. ಹಾರ್ಟ್ಸ್ ಕ್ಲಬ್ಬಿನ ಲಾಂಛನ ಈ ಕಲ್ಲಿನ ಹೃದಯವೇ. ಜನ ಉಗುಳುವ ಗುರುತನ್ನೇ ಎದೆಯ ಮೇಲೆ ಧರಿಸಿ ಆಡುವ ತಂಡ!

ಸ್ಕಾಟ್‌ನ ಕಾದಂಬರಿಯ ಕೇಂದ್ರದಲ್ಲಿ ಇರುವವಳು ಜೀನಿ ಡೀನ್ಸ್ ಎಂಬ ಬಡ ಹುಡುಗಿ. ಅವಳ ತಂಗಿ ಎಫಿಯ ಮೇಲೆ ಶಿಶುಹತ್ಯೆಯ ಆರೋಪ. ತಾನು ಬಸುರಿಯೆಂದು ತಂಗಿ ತನಗೆ ಹೇಳಿದ್ದಳು ಎಂದು ಅಕ್ಕ ಒಂದೇ ಒಂದು ಸುಳ್ಳು ಸಾಕ್ಷಿ ನುಡಿದರೆ ಗಲ್ಲು ತಪ್ಪುತ್ತದೆ. ಜೀನಿ ಸುಳ್ಳು ಹೇಳುವುದಿಲ್ಲ. ಆದರೆ ತಂಗಿಯ ಕೈಯನ್ನೂ ಬಿಡುವುದಿಲ್ಲ. ಕ್ಷಮಾದಾನ ಬೇಡಲು ಲಂಡನ್ನಿನ ದಾರಿ ಹಿಡಿಯುತ್ತಾಳೆ, ಬಹುಪಾಲು ಕಾಲ್ನಡಿಗೆಯಲ್ಲಿ. ತನ್ನವರ ಮೇಲಿನ ಪ್ರೀತಿ ಮತ್ತು ಸತ್ಯ ಎದುರುಬದುರಾದಾಗ ಏನು ಮಾಡಬೇಕು ಎಂಬ ಈ ಪ್ರಶ್ನೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕ್ಲಬ್ಬಿನ ಚರಿತ್ರೆಯಲ್ಲಿ ಅದು ನಮಗೆ ಮತ್ತೆ ಎದುರಾಗುತ್ತದೆ.

ಕಾದಂಬರಿಯ ಹೆಸರು ತಂಡಕ್ಕೆ ನೇರವಾಗಿ ಬರಲಿಲ್ಲ. ನಡುವೆ ಒಂದು ನೃತ್ಯಶಾಲೆ ಇತ್ತು. ಸ್ಕಾಟ್‌ನ ಜನಪ್ರಿಯತೆಯಿಂದಾಗಿ ಆ ಹೆಸರನ್ನಿಟ್ಟುಕೊಂಡಿದ್ದ ಅಲ್ಲಿಗೆ ಹೋಗುತ್ತಿದ್ದ ಹುಡುಗರೇ ತಂಡ ಕಟ್ಟಿದರೆಂದು ಪ್ರತೀತಿ. ಬೀದಿಯಲ್ಲಿ ಗಲಾಟೆ ಮಾಡುತ್ತಿದ್ದವರನ್ನು ಪೊಲೀಸನೊಬ್ಬ ಗದರಿಸಿ, ಹೋಗಿ ಚೆಂಡಾಡಿ ಎಂದು ಕಳಿಸಿದ ಎಂಬ ಕಥೆಯನ್ನೂ ಸೇರಿಸುತ್ತಾರೆ. ಕ್ಲಬ್ಬು ತನ್ನ ಹುಟ್ಟನ್ನು 1874ಕ್ಕೆ ಎಣಿಸುತ್ತದೆ. ಮೊದಲು ‘ಮೆಡೋಸ್’ ಎಂಬ ಸಾರ್ವಜನಿಕ ಬಯಲಿನಲ್ಲಿ ಆಡಿ, 1886ರಲ್ಲಿ ನಗರದ ಪಶ್ಚಿಮಕ್ಕಿರುವ ಗಾರ್ಗಿಯ ಟೈನ್‌ಕ್ಯಾಸಲ್ ಮೈದಾನಕ್ಕೆ ಬಂತು. ಇಂದಿಗೂ ಅಲ್ಲೇ ಇದೆ. 1895 ಮತ್ತು 1897ರಲ್ಲಿ ಲೀಗ್ ಗೆದ್ದಿತು. ಇಷ್ಟರಲ್ಲಿ ಅದೊಂದು ಚೆನ್ನಾಗಿ ಬೇರೂರಿದ ನಗರದ ಕ್ಲಬ್ಬು. ಆದರೆ ಹಾಗೆ ಬೇರೂರಿದ ಕ್ಲಬ್ಬುಗಳು ಸ್ಕಾಟ್ಲೆಂಡಿನಲ್ಲಿ ಇನ್ನೂ ಹಲವಿದ್ದವು. ಹಾರ್ಟ್ಸ್ ಬೇರೆಯದೇ ಆದದ್ದು 1914ರಲ್ಲಿ.

ಆ ವರ್ಷ ಮ್ಯಾನೇಜರ್ ಜಾನ್ ಮೆಕಾರ್ಟ್ನಿಯವರ ಕೈಯಲ್ಲಿ ಹರೆಯದ, ಚುರುಕಾದ ತಂಡವಿತ್ತು. ಆಗಸ್ಟ್ 4ರಂದು ಬ್ರಿಟನ್ ಯುದ್ಧ ಘೋಷಿಸಿತು. ಹನ್ನೊಂದು ದಿನಗಳ ಬಳಿಕ ಲೀಗ್ ಶುರುವಾಯಿತು. ಹಾರ್ಟ್ಸ್ ಮೊದಲ ಪಂದ್ಯದಲ್ಲೇ ಹಾಲಿ ಚಾಂಪಿಯನ್ ಸೆಲ್ಟಿಕ್ ತಂಡವನ್ನು 2–0ಯಿಂದ ಸೋಲಿಸಿತು. ಮೊದಲ ಎಂಟು ಪಂದ್ಯಗಳನ್ನೂ ಗೆದ್ದು ಪಟ್ಟಿಯ ತುದಿಯಲ್ಲಿ ಕೂತಿತು. ಅತ್ತ ಫ್ರಾನ್ಸಿನಿಂದ ಸತ್ತವರ ಪಟ್ಟಿಗಳು ಬರತೊಡಗಿದ್ದವು. ಗಟ್ಟಿಮುಟ್ಟಾದ ಯುವಕರು ಸಂಬಳ ತೆಗೆದುಕೊಂಡು ಚೆಂಡಾಡುತ್ತಿರುವುದು ನಾಚಿಕೆಗೇಡು ಎಂಬ ಕೂಗು ಪತ್ರಿಕೆಗಳಲ್ಲಿ ಎದ್ದಿತು. ಪಟ್ಟಿಯ ತುದಿಯಲ್ಲಿದ್ದವರೇ ಎಲ್ಲರ ಕಣ್ಣಿಗೆ ಬಿದ್ದದ್ದು ಸಹಜ. ತಂಡದ ಹೆಸರಿನಲ್ಲಿರುವ ‘ಹೃದಯ’ವನ್ನು ತೆಗೆದು ‘ಮಿಡ್‌ಲೋಥಿಯನ್ನಿನ ಬಿಳಿಗರಿಗಳು’ ಎಂದಿಡಬೇಕು ಎಂಬರ್ಥದ ಪತ್ರವೊಂದು ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಬಿಳಿಯ ಗರಿ ಅಂದರೆ ಹೇಡಿತನದ ಗುರುತು. ಸೈನ್ಯಕ್ಕೆ ಸೇರದ ಗಂಡಸರ ಕೈಗೆ ಬೀದಿಯಲ್ಲಿ ಹೆಂಗಸರು ಅದನ್ನು ಕೊಟ್ಟು ಅವಮಾನ ಮಾಡುತ್ತಿದ್ದ ಕಾಲವದು.

ಅದೇ ನವೆಂಬರಿನಲ್ಲಿ ಸರ್ ಜಾರ್ಜ್ ಮೆಕ್ರೇ ಎಂಬ ಬಟ್ಟೆ ವ್ಯಾಪಾರಿ, ಮಾಜಿ ಸಂಸತ್ ಸದಸ್ಯ, ತಾನೊಂದು ಪಡೆ ಕಟ್ಟುತ್ತೇನೆ, ಅದರ ಮುಂದೆ ತಾನೇ ನಿಲ್ಲುತ್ತೇನೆ ಎಂದು ಸಾರಿದರು. ನವೆಂಬರ್ 25ರಂದು ಹಾರ್ಟ್ಸ್‌ನ ಹನ್ನೊಂದು ಆಟಗಾರರು ಒಟ್ಟಿಗೆ ಹೆಸರು ಕೊಟ್ಟರು. ಆ ಸಂಖ್ಯೆ ಬಳಿಕ 16ಕ್ಕೆ ಏರಿತು. ಅವರ ಬೆನ್ನಿಗೆ ಸುಮಾರು 500 ಅಭಿಮಾನಿಗಳು, ಎದುರಾಳಿ ಹೈಬರ್ನಿಯನ್ ಕ್ಲಬ್ಬಿನ ಸುಮಾರು 150 ಬೆಂಬಲಿಗರು, ರೇಥ್ ರೋವರ್ಸ್, ಫಾಲ್ಕರ್ಕ್, ಡನ್‌ಫರ್ಮ್‌ಲಿನ್ ತಂಡಗಳ ಆಟಗಾರರು ಬಂದರು. ರಾಯಲ್ ಸ್ಕಾಟ್ಸ್ ರೆಜಿಮೆಂಟಿನ 16ನೆಯ ಬೆಟಾಲಿಯನ್ ಹೀಗೆ ರೂಪುಗೊಂಡಿತು. ಜನ ಅದನ್ನು ಕರೆದದ್ದು ‘ಮೆಕ್ರೇ ಬೆಟಾಲಿಯನ್’ ಎಂದು.

ಈ ಘಟನೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿ ಕಂಠ ಎತ್ತರಿಸುತ್ತಾರೆ. ನನಗೆ ಇಲ್ಲಿಯೇ ತಡೆದು ನಿಲ್ಲಬೇಕೆನಿಸುತ್ತದೆ. ಬ್ರಿಟನ್ನಿನಲ್ಲಿ ಕಡ್ಡಾಯ ಸೇನಾ ಸೇವೆ ಬಂದದ್ದು 1916ರಲ್ಲಿ. ಅಲ್ಲಿಯವರೆಗೆ ಕಾನೂನು ಮಾಡದ ಕೆಲಸವನ್ನು ನಾಚಿಕೆ ಮಾಡುತ್ತಿತ್ತು. ಇಪ್ಪತ್ತರ ಹರೆಯದ ಹುಡುಗರಿಗೆ ಇಡೀ ಊರು ಹೇಡಿಗಳೆಂದು ಬೆರಳು ತೋರಿಸುತ್ತಿರುವಾಗ ಅವರು ಇಟ್ಟ ಸಹಿಯನ್ನು ಸ್ವಇಚ್ಛೆ ಎಂದು ಎಷ್ಟರಮಟ್ಟಿಗೆ ಕರೆಯಬಹುದು? ಹಾಗೆಂದು ಅದನ್ನು ಬರೀ ಬಲವಂತ ಎಂದರೆ ಅವರ ಧೈರ್ಯಕ್ಕೆ ಅನ್ಯಾಯ. ಗೆಳೆಯ ಹೋಗುತ್ತಾನೆ, ನಾನು ಹಿಂದೆ ಉಳಿಯಲೇ ಎಂಬ ಸಂಕೋಚ, ದೇಶಭಕ್ತಿ, ಸಾಹಸದ ಆಸೆ, ಅವಮಾನ ಎಲ್ಲವೂ ಒಂದೇ ಸಹಿಯಲ್ಲಿ ಬೆರೆತಿದ್ದವು. ಹೋದವರನ್ನು ಗೌರವಿಸುವುದಕ್ಕಾಗಿ, ಅವರನ್ನು ಅಟ್ಟಿದವರನ್ನು ಮರೆಯಬೇಕಾಗಿಲ್ಲ.

ಸೈನಿಕರಾದ ಮೇಲೂ ಅವರು ಆಡುತ್ತಲೇ ಇದ್ದರು. ವಾರವಿಡೀ ಕವಾಯತು, ರಾತ್ರಿ ಹೊತ್ತು ಮೈಲುಗಟ್ಟಲೆ ನಡಿಗೆ, ಚುಚ್ಚುಮದ್ದಿನ ಜ್ವರ, ಶನಿವಾರ ಪಂದ್ಯ. ತಂಡ ಕೊನೆಯ ವಾರಗಳಲ್ಲಿ ದಣಿಯಿತು. 1915ರ ವಸಂತದಲ್ಲಿ ಲೀಗ್ ಮುಗಿದಾಗ ಸೆಲ್ಟಿಕ್‌ಗೆ 65 ಅಂಕ, ಹಾರ್ಟ್ಸ್‌ಗೆ 61. ಇಲ್ಲೊಂದು ಮಾತು ಸೇರಿಸಬೇಕು. ಹಾರ್ಟ್ಸ್ ಕಥೆಗೆ ಸೆಲ್ಟಿಕ್‌ ಅನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ, ಹಾಗೆ ಮಾಡಿದವರೂ ಇದ್ದಾರೆ. ಆದರೆ ಆ ವರ್ಷದ ಸೆಲ್ಟಿಕ್ ತಂಡದಲ್ಲಿ ಆಡಿದ್ದ ಪೀಟರ್ ಜಾನ್‌ಸ್ಟನ್ ಕೂಡ 1917ರಲ್ಲಿ ಅರಾಸ್ ರಣರಂಗದಲ್ಲಿ ಸತ್ತರು. ಸಾವು ಅಂಗಿಯ ಬಣ್ಣ ನೋಡಲಿಲ್ಲ.

ಹಾರ್ಟ್ಸ್‌ನ ಏಳು ಆಟಗಾರರು ಹಿಂತಿರುಗಲಿಲ್ಲ. ಜೇಮ್ಸ್ ಸ್ಪೀಡಿ 1915ರ ಸೆಪ್ಟೆಂಬರಿನಲ್ಲಿ ಲೂಸ್ ಕದನದಲ್ಲಿ ಸತ್ತರು. ಗೋಲುಗಳ ಸರದಾರ ಟಾಮ್ ಗ್ರೇಸಿ ಅದರ ಮರುತಿಂಗಳು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ರೋಗ ಗೊತ್ತಿದ್ದೂ ಅವರು ಆ ವಸಂತದಲ್ಲಿ ಆಡಿದ್ದರು. 1916ರ ಜುಲೈ 1, ಸೋಮ್ ಕದನದ ಮೊದಲ ದಿನ. ಮೆಕ್ರೇ ಬೆಟಾಲಿಯನ್ ಕಾಂಟಲ್‌ಮೇಸೋನ್ ಎಂಬ ಹಳ್ಳಿಯ ಕಡೆಗೆ ಮೆಷಿನ್‌ಗನ್ನುಗಳ ಎದುರು ನಡೆಯಿತು. ಆ ಒಂದೇ ದಿನ ಡಂಕನ್ ಕರಿ, ಅರ್ನೆಸ್ಟ್ ಎಲ್ಲಿಸ್, ಹ್ಯಾರಿ ವ್ಯಾಟಿ ಮೂವರೂ ಹೋದರು. ವ್ಯಾಟಿಯ ದೇಹ ಸಿಗಲೇ ಇಲ್ಲ. ಮುಂದಿನ ತಿಂಗಳು ಜೇಮ್ಸ್ ಬಾಯ್ಡ್, 1917ರ ಏಪ್ರಿಲಿನಲ್ಲಿ ಜಾನ್ ಅಲನ್. ಬದುಕಿ ಬಂದವರೂ ಪೂರ್ತಿ ಬದುಕಿದರೆನ್ನುವಂತಿಲ್ಲ. ವಿಷಾನಿಲ ಕುಡಿದಿದ್ದ ಬಾಬ್ ಮರ್ಸರ್ 1926ರಲ್ಲಿ ಒಂದು ಸ್ನೇಹಪಂದ್ಯದ ನಡುವೆ ಕುಸಿದು ಪ್ರಾಣ ಬಿಟ್ಟರು.

1922ರ ಏಪ್ರಿಲ್ 9ರಂದು ಹೇಮಾರ್ಕೆಟ್ ವೃತ್ತದಲ್ಲಿ ಕ್ಲಬ್ಬು ಒಂದು ಸ್ಮಾರಕವನ್ನು ನಗರಕ್ಕೆ ಒಪ್ಪಿಸಿತು. ಕಲ್ಲಿನ ಕಂಬದ ಮೇಲೆ ಗಡಿಯಾರ, ಅಷ್ಟೆ. ಮೈದಾನದ ಒಳಗಲ್ಲ, ನಗರದ ನಾಲ್ಕು ದಾರಿ ಕೂಡುವಲ್ಲಿ. ಹೊತ್ತು ನೋಡುವವರೆಲ್ಲ ಒಂದು ಕ್ಷಣವಾದರೂ ತಲೆ ಎತ್ತಬೇಕು. ಪ್ರತಿ ನವೆಂಬರಿನಲ್ಲೂ ಅಲ್ಲಿ ಹೂಮಾಲೆ ಇಡುತ್ತಾರೆ, ಬದ್ಧ ವೈರಿ ಹೈಬರ್ನಿಯನ್ ಕ್ಲಬ್ಬಿನವರೂ ಬರುತ್ತಾರೆ. ಫ್ರಾನ್ಸಿನ ಕಾಂಟಲ್‌ಮೇಸೋನ್‌ನಲ್ಲಿ ಸ್ಮಾರಕ ಕಟ್ಟಬೇಕೆಂಬ ಮಾತು 1919ರಲ್ಲೇ ಹುಟ್ಟಿದ್ದರೂ ಅದು ಕೈಗೂಡಿದ್ದು 2004ರಲ್ಲಿ. ಮೊಮ್ಮಕ್ಕಳ ಕಾಲದ ಜನ ದುಡ್ಡು ಕೂಡಿಸಿ ಅಲ್ಲಿ ಸ್ಕಾಟ್ಲೆಂಡಿನ ರೀತಿಯ ಕಲ್ಲುಗುಪ್ಪೆ ಕಟ್ಟಿದರು.

ಆಮೇಲೂ ಕ್ಲಬ್ಬು ಗೆದ್ದಿದೆ. 1958ರಲ್ಲಿ 34 ಪಂದ್ಯಗಳಲ್ಲಿ 132 ಗೋಲು ಹೊಡೆದು ಲೀಗ್ ಗೆದ್ದಿತು, 1960ರಲ್ಲಿ ಮತ್ತೆ. 2012ರ ಸ್ಕಾಟಿಷ್ ಕಪ್ ಫೈನಲ್ಲಿನಲ್ಲಿ ಹೈಬರ್ನಿಯನ್ ತಂಡವನ್ನು 5–1ರಿಂದ ಮಣಿಸಿದ್ದನ್ನು ಅಭಿಮಾನಿಗಳು ಮರೆಯಲಾರರು. ಆದರೂ ಅವರ ಮಾತಿನಲ್ಲಿ ಸೋಲುಗಳಿಗೆ ಬೇರೆಯೇ ಒಂದು ಪೀಠವಿದೆ. 1965ರಲ್ಲಿ ಕೊನೆಯ ದಿನ ಸ್ವಂತ ಮೈದಾನದಲ್ಲಿ ಕಿಲ್ಮಾರ್ನಕ್ ವಿರುದ್ಧ 0–2ರಿಂದ ಸೋತು, ಗೋಲು ಸರಾಸರಿಯ ಕೂದಲೆಳೆಯಲ್ಲಿ ಲೀಗ್ ತಪ್ಪಿತು. 1986ರಲ್ಲಿ ಮತ್ತೆ ಕೊನೆಯ ದಿನ, ಡಂಡೀ ಎದುರು, ಕೊನೆಯ ನಿಮಿಷಗಳಲ್ಲಿ ಆಲ್ಬರ್ಟ್ ಕಿಡ್ ಹೊಡೆದ ಎರಡು ಗೋಲುಗಳಿಂದ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಈ ಸೋಲುಗಳನ್ನು 1915ರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಒಂದರಲ್ಲಿ ಪಂದ್ಯ ಹೋಯಿತು, ಇನ್ನೊಂದರಲ್ಲಿ ಮಕ್ಕಳು ಹೋದರು. ಆದರೆ ಸೋತದ್ದನ್ನು ಬಚ್ಚಿಡದೆ ಎತ್ತಿಟ್ಟುಕೊಳ್ಳುವ ಅಭ್ಯಾಸ ಆ ಮೊದಲ ನಷ್ಟದಿಂದ ಕಲಿತದ್ದೇ ಇರಬಹುದು.

ಆ ನೆನಪು ಬರೀ ಅಲಂಕಾರವೋ, ಅದಕ್ಕೆ ಶಕ್ತಿಯೂ ಇದೆಯೋ ಎಂಬುದು ಪರೀಕ್ಷೆಗೆ ಬಂದದ್ದು 2013ರಲ್ಲಿ. ಲಿಥುವೇನಿಯಾದ ಬ್ಯಾಂಕರ್ ವ್ಲಾದಿಮಿರ್ ರೊಮಾನೋವ್ ಅವರ ಒಡೆತನದಲ್ಲಿ ಸಾಲ ಬೆಳೆದು, ಆ ಜೂನಿನಲ್ಲಿ ಕ್ಲಬ್ಬು ದಿವಾಳಿಯ ಅಂಚಿಗೆ ಬಂತು. ಆಡಳಿತಾಧಿಕಾರಿಗಳ ಕೈಗೆ ಹೋದದ್ದಕ್ಕೆ ದಂಡವಾಗಿ 15 ಅಂಕ ಕಳೆದರು. ಎಳೆಯ ಹುಡುಗರ ತಂಡ ಕೆಳಗಿನ ದರ್ಜೆಗೆ ಇಳಿಯಿತು. ಆಗ ಸಾವಿರಾರು ಅಭಿಮಾನಿಗಳು ‘ಫೌಂಡೇಶನ್ ಆಫ್ ಹಾರ್ಟ್ಸ್’ ಮೂಲಕ ತಿಂಗಳು ತಿಂಗಳು ತಮ್ಮ ಸಂಬಳದಿಂದ ಹಣ ಕಟ್ಟತೊಡಗಿದರು. ಉದ್ಯಮಿ ಆ್ಯನ್ ಬಜ್ ಕ್ಲಬ್ಬನ್ನು ಕೊಂಡು, ಮುಂದೆ ಅಭಿಮಾನಿಗಳಿಗೇ ಬಿಟ್ಟುಕೊಡುವ ಒಪ್ಪಂದ ಮಾಡಿಕೊಂಡರು. ಮೆಕ್ರೇ ಬೆಟಾಲಿಯನ್ನಿನ ಶತಮಾನೋತ್ಸವದ ಋತುವಿನಲ್ಲಿ ತಂಡ ಎದೆಯ ಮೇಲೆ ಜಾಹೀರಾತಿಲ್ಲದ ಕಡುಗೆಂಪು ಅಂಗಿ ತೊಟ್ಟು ಆಡಿ, ಎರಡನೆಯ ದರ್ಜೆಯನ್ನು ಗೆದ್ದು ಮೇಲೇರಿತು. 2021ರ ಆಗಸ್ಟಿನಲ್ಲಿ ಬಹುಪಾಲು ಷೇರುಗಳು ಅಭಿಮಾನಿಗಳ ಹೆಸರಿಗೆ ಬಂದವು.

ಸಾವಿರಾರು ಜನ ಒಂದು ಫುಟ್‌ಬಾಲ್ ತಂಡಕ್ಕಾಗಿ ಯಾಕೆ ತಿಂಗಳ ಕಂತು ಕಟ್ಟುತ್ತಾರೆ? ಬರೀ ಆಟ ನೋಡಲು ಅಷ್ಟು ಬೇಕಾಗಿಲ್ಲ. ಈ ಹೆಸರು ಅಳಿದರೆ ಹೇಮಾರ್ಕೆಟ್ ಗಡಿಯಾರದ ಕೆಳಗೆ ನಿಲ್ಲಲು ವಾರಸುದಾರರು ಇರುವುದಿಲ್ಲ ಎಂಬ ಅಳುಕೂ ಅದರ ಹಿಂದೆ ಇದ್ದಿರಬೇಕು ಎಂದು ನನಗನ್ನಿಸುತ್ತದೆ. ಸಮುದಾಯವೊಂದರ ಅಸ್ಮಿತೆಯನ್ನು ಸಾಮಾನ್ಯವಾಗಿ ವಿಜಯಗಳ ಪಟ್ಟಿಯಿಂದ ಕಟ್ಟುತ್ತಾರೆ. ಹಾರ್ಟ್ಸ್ ಅದನ್ನು ಕಟ್ಟಿಕೊಂಡದ್ದು ಒಂದು ಋಣದಿಂದ.

ಆದರೆ ಋಣ ತೀರಿಸುವುದು ಬರೀ ಹೂಮಾಲೆಯಿಂದ ಆಗುವ ಕೆಲಸವಲ್ಲ. ಜೀನಿ ಡೀನ್ಸ್ ತಂಗಿಗಾಗಿ ಲಂಡನ್ನಿನವರೆಗೂ ಹೋದಳು, ಆದರೆ ಅವಳಿಗಾಗಿ ಸುಳ್ಳು ಹೇಳಲಿಲ್ಲ. ತಂಡದ ನೆನಪನ್ನು ಕಾಯುವವರಿಗೂ ಅದೇ ನಿಷ್ಠೆ ಬೇಕು. ಆ ಏಳು ಜನರ ಹೆಸರು ಹೇಳುವಾಗ, ಅವರಿಗೆ ಬಿಳಿಯ ಗರಿ ತೋರಿಸಿದ್ದು ಇದೇ ಊರು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.