ಮಗುವಿನ ಕೈಗೆ ಕತ್ತರಿ ಬಂದ ಕಥೆ

"ಸುಮ್‌ಸುಮ್ನೆ ಕತ್ತರಿ ಆಡಿಸ್ಬೇಡ, ಮನೇಲಿ ಜಗಳ ಆಗುತ್ತೆ!" ಈ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಜಗಳ ಆಗುತ್ತೋ ಬಿಡುತ್ತೋ, ಮಗುವಿನ ಕೈಗೆ ಕತ್ತರಿ ಸಿಗಬಾರದು ಅನ್ನೋ ಹಿರಿಯರ ಭಯವಂತೂ ನಿಜ. ಆದರೆ ಇವತ್ತು ಸ್ಟೇಷನರಿ ಅಂಗಡಿಗೆ ಹೋದರೆ ಪುಟಾಣಿಗಳಿಗೊಂದು, ಶಾಲೆ ಮಕ್ಕಳಿಗೊಂದು ಅಂತ ಬಣ್ಣಬಣ್ಣದ ಕತ್ತರಿಗಳು ನೇತಾಡುತ್ತಿರುತ್ತವೆ. ದೊಡ್ಡವರ ಈ ಸಾಮಾನು ಮಕ್ಕಳದ್ದು ಆದದ್ದು ಯಾವಾಗ? ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದನ್ನ ಇಲ್ಲಿ ಬರೀತಿದ್ದೀನಿ.

ಕತ್ತರಿ ಬಹಳ ಹಳೇದು. ಸಂಸ್ಕೃತದ 'ಕರ್ತರೀ' ನಮ್ಮಲ್ಲಿ ಕತ್ತರಿ ಆಯಿತು. ಭರತನಾಟ್ಯ ಕಲಿತವರಿಗೆ 'ಕರ್ತರೀಮುಖ' ಹಸ್ತ ಗೊತ್ತಿರುತ್ತೆ. ಸುಶ್ರುತ ಸಂಹಿತೆ ಹೇಳುವ 20 ಶಸ್ತ್ರಗಳಲ್ಲಿ 'ಶರಾರಿಮುಖ' ಅನ್ನೋದು ಹಕ್ಕಿಯ ಕೊಕ್ಕಿನಂಥ ಕತ್ತರಿ. ಅದಕ್ಕೂ ಹಿಂದೆ, 3000 ವರ್ಷಕ್ಕೂ ಮೊದಲೇ, ಮಧ್ಯಪ್ರಾಚ್ಯದಲ್ಲಿ ಕಂಚಿನ ಕತ್ತರಿಗಳಿದ್ದವು. ಅವಕ್ಕೆ ನಡುವೆ ಮೊಳೆ ಇರಲಿಲ್ಲ. ಎರಡು ಅಲಗುಗಳನ್ನು ಹಿಂದೆ ಬಾಗಿದ ಪಟ್ಟಿಯೊಂದು ಸೇರಿಸುತ್ತಿತ್ತು. ಒತ್ತಿದರೆ ಮುಚ್ಚುತ್ತೆ, ಬಿಟ್ಟರೆ ತಾನೇ ತೆರೆದುಕೊಳ್ಳುತ್ತೆ. ನಡುವೆ ಮೊಳೆ ಇರುವ, ಇವತ್ತಿನಂಥ ಕತ್ತರಿ ಬಂದಿದ್ದು ರೋಮನ್ನರ ಕಾಲದಲ್ಲಿ.

ಇಷ್ಟು ಸಾವಿರ ವರ್ಷಗಳಲ್ಲಿ ಮಕ್ಕಳು ಕತ್ತರಿ ಮುಟ್ಟಲೇ ಇಲ್ಲವಾ? ಮುಟ್ಟಿದರು, ಆದರೆ ಕೆಲಸಕ್ಕೆ. ದರ್ಜಿಯ ಮಗ ಅಪ್ಪನ ಪಕ್ಕ ಕೂತು ಬಟ್ಟೆ ಕತ್ತರಿಸೋದು ಕಲಿತ, ಕುರಿ ಸಾಕುವವರ ಮಗ ಉಣ್ಣೆ ಕತ್ತರಿಸೋದು ಕಲಿತ. ಕತ್ತರಿ ಮಾತ್ರ ಅಪ್ಪನದೇ ಅಳತೆಯದು. ಕೈ ಬೆಳೆದು ಕತ್ತರಿಗೆ ಹೊಂದಬೇಕಿತ್ತೇ ಹೊರತು ಕತ್ತರಿ ಕೈಗೆ ಹೊಂದುತ್ತಿರಲಿಲ್ಲ.

ಇದನ್ನು ತಿರುಗಿಸಿದವರಲ್ಲಿ ಮುಖ್ಯವಾದವನು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ (1782-1852). ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಈತ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆ ಶುರುಮಾಡಿದ. 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ, ಅಂತ ಹೆಸರಿಟ್ಟ. ನಮ್ಮ ಎಲ್.ಕೆ.ಜಿ., ಯು.ಕೆ.ಜಿ.ಗಳಲ್ಲಿರೋ 'ಕೆ.ಜಿ.' ಇದೇ ನೋಡಿ! ಅವನ ಪಾಠದಲ್ಲಿ ಚೆಂಡು, ಮರದ ದಿಮ್ಮಿಗಳ ಜೊತೆಗೆ ಕಾಗದ ಮಡಿಸೋದು, ನೇಯೋದು, ಕತ್ತರಿಸೋದೂ ಇತ್ತು. ಚೌಕದ ಕಾಗದವನ್ನು ತ್ರಿಕೋನವಾಗಿ ಮಡಿಸಿ, ಕತ್ತರಿಸಿ ಬಿಡಿಸಿದರೆ ರಂಗೋಲಿಯಂಥ ಚಿತ್ತಾರ. ಉದುರಿದ ಚೂರುಗಳನ್ನೂ ಎಸೆಯುವಂತಿಲ್ಲ, ಅವನ್ನೂ ಸುತ್ತ ಜೋಡಿಸಬೇಕು. ಅಲ್ಲಿಗೆ ಕತ್ತರಿ ದುಡಿಮೆಯ ಸಾಧನವಾಗಿದ್ದದ್ದು ಕಲಿಕೆಯ ಸಾಧನವೂ ಆಯಿತು.

ಇಂಥ ಮನುಷ್ಯನ ಶಿಶುವಿಹಾರಗಳನ್ನು 1851ರಲ್ಲಿ ಪ್ರಷ್ಯಾ ಸರ್ಕಾರ ನಿಷೇಧಿಸಿತು, ನಾಸ್ತಿಕತೆ ಮತ್ತು ಸಮಾಜವಾದ ಹರಡುತ್ತವೆ ಅಂತ! ಮರುವರ್ಷವೇ ಫ್ರೋಬೆಲ್ ತೀರಿಕೊಂಡ. ನಿಷೇಧ ತೆಗೆದದ್ದು 1860ರಲ್ಲಿ. ಅಷ್ಟರಲ್ಲಿ ಅವನ ಶಿಷ್ಯೆಯರು ಅದನ್ನು ಬೇರೆ ದೇಶಗಳಿಗೆ ಒಯ್ದಾಗಿತ್ತು. ಜೊತೆಗೆ ಕತ್ತರಿಯೂ ಹೋಯಿತು.

ಮುಂದಿನ ದೊಡ್ಡ ಬದಲಾವಣೆ ಹಿಡಿಯಲ್ಲಿ. 1649ರಲ್ಲಿ ಕಬ್ಬಿಣದ ಕಾರ್ಖಾನೆಯಾಗಿ ಶುರುವಾದ ಫಿನ್‌ಲ್ಯಾಂಡಿನ ಫಿಸ್ಕಾರ್ಸ್, 1967ರಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿಯ ಕತ್ತರಿ ತಂದಿತು. ಆ ಬಣ್ಣ ಯಾಕೆ ಗೊತ್ತಾ? ಹಣ್ಣಿನ ರಸ ತೆಗೆಯುವ ಸಾಧನಕ್ಕೆಂದು ತಂದಿದ್ದ ಪ್ಲಾಸ್ಟಿಕ್ ಮಿಕ್ಕಿತ್ತು, ಅಷ್ಟೇ :) ಆದರೆ ಪ್ಲಾಸ್ಟಿಕ್ ಹಿಡಿ ಹಗುರ, ಅಚ್ಚಿನಲ್ಲಿ ಬೇಕಾದ ಆಕಾರಕ್ಕೆ ಬರುತ್ತೆ. ಚಿಕ್ಕ ಕೈಗೆ ಚಿಕ್ಕ ಹಿಡಿ ಮಾಡೋದು ಸುಲಭವಾಯಿತು.

ಹಾಗಾದರೆ ಯಾವ ವಯಸ್ಸಿಗೆ ಯಾವುದು? ಎರಡು ವರ್ಷದ ಮಗುವಿಗೆ ಕಾಗದ ಹರಿಯೋದೇ ಸಾಕು, ಬೆರಳಿಗೆ ಅದೂ ವ್ಯಾಯಾಮ. ಎರಡೂವರೆ-ಮೂರರ ಹೊತ್ತಿಗೆ ಕಾಗದದ ಅಂಚನ್ನು ಚಕ್ಕಚಕ್ಕನೆ ಕತ್ತರಿಸುತ್ತವೆ. ಆಗ ಒತ್ತಿ ಬಿಟ್ಟರೆ ತಾನೇ ತೆರೆದುಕೊಳ್ಳುವ ಕತ್ತರಿ ಒಳ್ಳೇದು, ಯಾಕೆಂದರೆ ಆ ಬೆರಳುಗಳಿಗೆ ಮುಚ್ಚೋದಕ್ಕಿಂತ ತೆರೆಯೋದೇ ಕಷ್ಟ. ಗಮನಿಸಿದಿರಾ? ಮನುಷ್ಯನ ಮೊದಲ ಕತ್ತರಿಯೂ ಹೀಗೇ ಇತ್ತು! ನಾಲ್ಕರ ಸುಮಾರಿಗೆ ನೇರ ಗೆರೆ, ಐದರ ಹತ್ತಿರ ವೃತ್ತ. ಇದಕ್ಕೆ ತುದಿ ಮೊಂಡಾದ, ಐದು ಇಂಚಿನ ಕತ್ತರಿ ಸಾಕು. ಚೂಪು ತುದಿಯದು ಏಳೆಂಟು ವರ್ಷದ ಮೇಲೆ ನೋಡಿದರಾಯಿತು. ಎಲ್ಲ ಮಕ್ಕಳೂ ಒಂದೇ ಥರ ಅಲ್ಲ, ಇದು ಸುಮಾರಾದ ಲೆಕ್ಕ. ಯಾವ ವಯಸ್ಸಾದರೂ ಪಕ್ಕದಲ್ಲಿ ದೊಡ್ಡವರೊಬ್ಬರು ಇರಬೇಕು.

ತುದಿ ಮೊಂಡಿರಲಿ, ಅಲಗು ಮೊಂಡಾಗಬಾರದು. ಅಮೆರಿಕದ ನಿಯಮದಲ್ಲಿ 8 ವರ್ಷದೊಳಗಿನವರ ಆಟಿಕೆಗೆ ಅಪಾಯಕರ ಹರಿತ ಅಂಚು ಇರಕೂಡದು. ಆದರೆ ನಾಲ್ಕರಿಂದ ಎಂಟು ವರ್ಷದವರ ಆಟಿಕೆ ಕತ್ತರಿಗೆ ವಿನಾಯಿತಿ ಇದೆ, ಹರಿತ ಇದೆ ಅಂತ ಎದ್ದು ಕಾಣುವಂತೆ ಚೀಟಿ ಅಂಟಿಸಬೇಕು ಅಷ್ಟೆ. ಕತ್ತರಿಸದಿದ್ದರೆ ಅದು ಕತ್ತರಿಯೇ ಅಲ್ಲ ಅಂತ ಕಾನೂನೇ ಒಪ್ಪಿದ ಹಾಗೆ! ನಮ್ಮಲ್ಲಿ 2013ರಲ್ಲಿ ಜಿ.ಐ. ಮಾನ್ಯತೆ ಪಡೆದ ಮೀರತ್ ಕತ್ತರಿಯ ಹೆಗ್ಗಳಿಕೆಯೂ ಇದೇ. ಗುಜರಿ ಉಕ್ಕಿನಿಂದ ಮಾಡಿದ್ದು, ಆದರೆ ಮತ್ತೆ ಮತ್ತೆ ಸಾಣೆ ಹಿಡಿಸಿ ಬಳಸಬಹುದು.

ಕೊನೆಗೆ ನನ್ನಂಥ ಎಡಚರ ವಿಷಯ. ಬಲಗೈ ಕತ್ತರಿಯನ್ನು ಬಲಗೈಯಲ್ಲಿ ಹಿಡಿದು ಒತ್ತಿದಾಗ ಎರಡೂ ಅಲಗು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಡಗೈಯಲ್ಲಿ ಒತ್ತಿದರೆ ಅದೇ ಅಲಗುಗಳು ದೂರ ಸರಿಯುತ್ತವೆ. ಕಾಗದ ಕತ್ತರಿಸದೆ ನಡುವೆ ಮಡಚಿಕೊಳ್ಳುತ್ತೆ. ಗೆರೆಯನ್ನು ಮೇಲಿನ ಅಲಗು ಮರೆ ಮಾಡುತ್ತೆ. ತಿರುಗಿಸಿ ಹಿಡಿದರೂ ಪ್ರಯೋಜನವಿಲ್ಲ, ಅಲಗುಗಳ ಜೋಡಣೆ ಹಾಗೇ ಇರುತ್ತೆ. 'ಎರಡೂ ಕೈಗೆ ಆಗುತ್ತೆ' ಅಂತ ಮಾರೋದರಲ್ಲೂ ಎಷ್ಟೋ ಸಲ ಹಿಡಿ ಮಾತ್ರ ಸಮ, ಅಲಗು ಬಲಗೈಯದೇ. ಲಂಡನ್ನಿನಲ್ಲಿ ಎಡಚರ ಸಾಮಾನಿಗೇ ಒಂದು ಅಂಗಡಿ ತೆರೆದದ್ದು 1968ರಲ್ಲಿ. ನಮ್ಮ ಶಾಲೆಯ ಕ್ರಾಫ್ಟ್ ಪೀರಿಯಡ್ಡಿಗೆ ಆ ಸುದ್ದಿ ಮುಟ್ಟಿರಲಿಲ್ಲ. "ಕೈಯಲ್ಲಿ ಶಿಸ್ತಿಲ್ಲ" ಅಂತ ಬೈಸಿಕೊಂಡಿದ್ದು ನಾನು, ಶಿಸ್ತಿಲ್ಲದ್ದು ಕತ್ತರಿ.

ಮಗುವಿನ ಕೈಗೆ ಕತ್ತರಿ ಹೊಂದಬೇಕು ಅನ್ನೋ ಯೋಚನೆ ಗಟ್ಟಿಯಾಗಿ ಇನ್ನೂ ಇನ್ನೂರು ವರ್ಷ ಆಗಿಲ್ಲ. ಅದು ಎಷ್ಟೋ ತರಗತಿಗಳಿಗೆ ಇನ್ನೂ ತಲುಪಬೇಕಿದೆ. ನಿಮ್ಮ ಮನೆಯ ಪುಟಾಣಿ ಗೆರೆ ತಪ್ಪಿ ಕತ್ತರಿಸಿದರೆ ಗದರುವ ಮೊದಲು ಒಮ್ಮೆ ಆ ಕತ್ತರಿಯನ್ನು ಇಸಿದುಕೊಂಡು ನೋಡಿ. ಹರಿತ ಇದೆಯಾ, ಅಳತೆ ಸರಿಯಾ, ಯಾವ ಕೈಯದು ಅಂತ.