ಜೋಡಿ ಡೆಕ್ಕೋ, ಒಂಟಿ ಡೆಕ್ಕೋ: ಚೆನ್ನೈ ಡಿಜೆಗಳ ಆಯ್ಕೆ ಬದಲಾದ ಬಗೆ

1990ರ ದಶಕದ ಮಧ್ಯದಿಂದ ಸುಮಾರು 15 ವರ್ಷಗಳ ಕಾಲ ಡಿಜೆ ಕೆಲಸಕ್ಕೆ ಇಳಿದವರೆಲ್ಲ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಲೇಬೇಕಿತ್ತು. ಎರಡು ಸಿಡಿಗಳನ್ನು ನುಡಿಸುವ ಒಂದೇ ಯಂತ್ರ, ಅಂದರೆ ಡ್ಯುಯಲ್ ಡೆಕ್ ಕೊಳ್ಳುವುದೋ? ಅಥವಾ ತಮ್ಮಷ್ಟಕ್ಕೆ ತಾವು ನಿಲ್ಲುವ ಎರಡು ಸಿಂಗಲ್ ಡೆಕ್ ಕೊಳ್ಳುವುದೋ? ಯುರೋಪಿನ ನಗರಗಳಲ್ಲಿ ಇದನ್ನು ತೀರ್ಮಾನಿಸಿದ್ದು ಬಹುಮಟ್ಟಿಗೆ ಕ್ಲಬ್ಬುಗಳು. ಚೆನ್ನೈನಲ್ಲಿ ಕಲ್ಯಾಣ ಮಂಟಪಕ್ಕೂ ಸ್ಟಾರ್ ಹೋಟೆಲಿಗೂ ಸಿನಿಮಾ ಹಾಡಿಗೂ ಈ ತೀರ್ಮಾನದಲ್ಲಿ ಪಾಲಿತ್ತು. ಸಿಡಿಯ ಕಾಲ ಮುಗಿದಿದ್ದರೂ ಆ ಪ್ರಶ್ನೆ ಹೊಸ ಯಂತ್ರಗಳ ರೂಪದಲ್ಲಿ ಇಂದಿಗೂ ಎದುರಾಗುತ್ತಿದೆ. ಹಾಗಾಗಿ ಅದು ನಡೆದುಬಂದ ದಾರಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ತಟ್ಟೆಯಿಂದ ಸಿಡಿಗೆ

ಡಿಜೆ ಕಲೆಯ ಮೂಲ ವ್ಯವಸ್ಥೆ ಎರಡು ಟರ್ನ್‌ಟೇಬಲ್ ಮತ್ತು ನಡುವೆ ಒಂದು ಮಿಕ್ಸರ್. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200, ಅದರಲ್ಲೂ 1979ರ ಎಂಕೆ2 ಮಾದರಿ, ಈ ವ್ಯವಸ್ಥೆಗೆ ಅಳತೆಗೋಲಾಯಿತು. ಅದರ ಪಿಚ್ ಸ್ಲೈಡರ್‌ನಿಂದ ಹಾಡಿನ ವೇಗವನ್ನು ಶೇ. 8ರಷ್ಟು ಏರಿಸಬಹುದಿತ್ತು, ಇಳಿಸಬಹುದಿತ್ತು. ಒಂದು ಹಾಡು ಜನರ ಕಿವಿಗೆ ಬೀಳುತ್ತಿರುವಾಗಲೇ ಇನ್ನೊಂದನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ವೇಗ ಹೊಂದಿಸಿ, ತಾಳಕ್ಕೆ ತಾಳ ಕೂಡಿಸಿ ಒಳಗೆ ತರುವುದೇ ಡಿಜೆಯ ಕೈಚಳಕ.

ಭಾರತದ ಬಹುಪಾಲು ಊರುಗಳಲ್ಲಿ ಈ ಕಲೆಗೆ ಬೇಕಾದ ವಿನೈಲ್ ತಟ್ಟೆಗಳೇ ಸಿಗುತ್ತಿರಲಿಲ್ಲ. ಸಿನಿಮಾ ಹಾಡು 1980ರ ದಶಕದಲ್ಲಿ ಕ್ಯಾಸೆಟ್ಟಿಗೆ ಹೊರಳಿತು. ಕ್ಯಾಸೆಟ್ಟಿನಲ್ಲಿ ಬೇಕಾದ ತಾಳದ ಮೇಲೆ ಸರಕ್ಕನೆ ನಿಲ್ಲಲು ಆಗದು. ರೀಲು ಸುತ್ತಿಯೇ ಹುಡುಕಬೇಕು. ಮೈಕ್‌ಸೆಟ್ಟಿನವರಿಗೆ ಅಷ್ಟು ಸಾಕಾಗಿತ್ತು, ಡಿಜೆಗೆ ಸಾಕಾಗಲಿಲ್ಲ. ಹೀಗಾಗಿ ನಮ್ಮ ಕಡೆಯ ಡಿಜೆಗಳಲ್ಲಿ ಹೆಚ್ಚಿನವರು ವಿನೈಲ್ ಮೆಟ್ಟಿಲನ್ನು ಹಾರಿ ನೇರ ಸಿಡಿಗೆ ಬಂದರು.

ಸಿಡಿ ಮಾರುಕಟ್ಟೆಗೆ ಬಂದದ್ದು 1982ರ ಅಕ್ಟೋಬರಿನಲ್ಲಿ, ಜಪಾನಿನಲ್ಲಿ, ಸೋನಿಯ ಸಿಡಿಪಿ-101 ಪ್ಲೇಯರಿನೊಂದಿಗೆ. ಮನೆಯಲ್ಲಿ ಕೂತು ಕೇಳುವವರಿಗಾಗಿ ಮಾಡಿದ ಆ ಯಂತ್ರದಲ್ಲಿ ಡಿಜೆಗೆ ಬೇಕಾದ ಮೂರು ಸೌಲಭ್ಯಗಳು ಇರಲಿಲ್ಲ: ವೇಗ ಬದಲಿಸುವುದು, ಗುರುತಿಟ್ಟ ಬಿಂದುವಿಗೆ ತಕ್ಷಣ ಮರಳುವುದು, ಓಡುತ್ತಿರುವ ಹಾಡನ್ನು ಬೆರಳಿನಿಂದ ಚೂರು ಮುಂದೆ ಹಿಂದೆ ತಳ್ಳುವುದು. ಸಿಡಿಯ ಒಂದು ಸೆಕೆಂಡು 75 ಫ್ರೇಮುಗಳಾಗಿ ಹಂಚಿಹೋಗಿದೆ. ನಿಮಿಷಕ್ಕೆ 120 ತಾಳದ ಹಾಡಿನಲ್ಲಿ ಒಂದು ತಾಳಕ್ಕೆ ಅರ್ಧ ಸೆಕೆಂಡು, ಎಂದರೆ 37 ಫ್ರೇಮಿಗೂ ಚೂರು ಹೆಚ್ಚು. ಅಷ್ಟು ಸಣ್ಣ ಜಾಗದಲ್ಲಿ ಕರಾರುವಾಕ್ಕಾಗಿ ನಿಲ್ಲಬಲ್ಲ ಯಂತ್ರ ಬೇಕಿತ್ತು.

ಡ್ಯುಯಲ್ ಡೆಕ್ಕಿನ ಕಾಲ

ಆ ಕೊರತೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ತುಂಬಿದ್ದು ಡ್ಯುಯಲ್ ಡೆಕ್. 1990ರ ದಶಕದ ಆರಂಭದಲ್ಲಿ ಡೆನಾನ್ ತಂದ ಡಿಎನ್-2000ಎಫ್ ಈ ಬಗೆಗೆ ಮಾದರಿಯಾಯಿತು. ಮುಂದೆ ನ್ಯೂಮಾರ್ಕ್, ಜೆಮಿನಿ, ಅಮೆರಿಕನ್ ಆಡಿಯೊ ಕಂಪನಿಗಳೂ ಅದೇ ಮಾದರಿ ಹಿಡಿದವು. ಅದರಲ್ಲಿ ಎರಡು ಭಾಗ. ಕೆಳಗಿನದರಲ್ಲಿ ಸಿಡಿ ಹಾಕುವ ಎರಡು ಟ್ರೇ, ಮೇಲಿನದರಲ್ಲಿ ಎರಡಕ್ಕೂ ಬೇಕಾದ ಗುಂಡಿ, ಪಿಚ್ ಸ್ಲೈಡರ್, ಹಾಡನ್ನು ಬೆರಳಿನಿಂದ ತಳ್ಳುವ ಪುಟ್ಟ ಚಕ್ರ, ಅಂದರೆ ಜಾಗ್ ವೀಲ್. ಎರಡನ್ನೂ ಕೇಬಲ್ ಕೂಡಿಸುತ್ತದೆ. ಎರಡೂ 19 ಇಂಚಿನ ರ‍್ಯಾಕಿಗೆ ಹೊಂದುವ ಅಳತೆಯವು.

ಚೆನ್ನೈನ ಮದುವೆ ರಿಸೆಪ್ಷನ್‌ಗೆ ಈ ರ‍್ಯಾಕ್ ಅಳತೆಯೇ ವರವಾಯಿತು. ತಮಿಳುನಾಡಿನಲ್ಲಿ ರಿಸೆಪ್ಷನ್ ಸಾಮಾನ್ಯವಾಗಿ ಮುಹೂರ್ತದ ಹಿಂದಿನ ಸಂಜೆ. ಸಭಾಂಗಣ ಕೈಗೆ ಸಿಗುವುದೇ ತಡವಾಗಿ; ಹೂವಿನವರು, ಲೈಟಿನವರು, ಲೈಟ್ ಮ್ಯೂಸಿಕ್ ತಂಡದವರು ಒಟ್ಟಿಗೇ ನುಗ್ಗುತ್ತಾರೆ. ಮಿಕ್ಸರ್ ಮತ್ತು ಡ್ಯುಯಲ್ ಡೆಕ್ ಒಂದೇ ಪೆಟ್ಟಿಗೆಯಲ್ಲಿ, ವೈರ್ ಸಮೇತ ಜೋಡಿಸಿಯೇ ಇದ್ದರೆ ಮುಚ್ಚಳ ತೆಗೆದು ಕರೆಂಟ್ ಕೊಟ್ಟರಾಯಿತು. ಆಟೋದ ಹಿಂದಿನ ಸೀಟಿನಲ್ಲಿ ಹಿಡಿಸುವ ಸಾಮಾನು. ಒಂದು ಹಾಡು ಮುಗಿದ ಕೂಡಲೇ ಇನ್ನೊಂದು ಬದಿಯ ಸಿಡಿ ತಾನಾಗಿ ಶುರುವಾಗುವ ರಿಲೇ ಸೌಲಭ್ಯ ಹಲವು ಡೆಕ್ಕುಗಳಲ್ಲಿತ್ತು. ಊಟದ ಪಂಕ್ತಿ ನಡೆಯುವಾಗ ಮೆಲುದನಿಯ ಹಾಡು ಹಚ್ಚಿ ಡಿಜೆ ತಾನೂ ಎಲೆಯ ಮುಂದೆ ಕೂರಬಹುದಿತ್ತು. ಬೆಲೆಯ ದೃಷ್ಟಿಯಿಂದಲೂ ಎರಡು ಒಳ್ಳೆಯ ಸಿಂಗಲ್ ಡೆಕ್ಕಿಗಿಂತ ಒಂದು ಡ್ಯುಯಲ್ ಹಗುರ.

ಆದರೆ ಜೋಡೆತ್ತಿಗೆ ಒಂದೇ ನೊಗ ಇದ್ದಂತೆ ಅದರ ಎರಡೂ ಬದಿಗೆ ಒಂದೇ ಪವರ್ ಸಪ್ಲೈ. ಮಂಟಪದ ಜನರೇಟರ್ ಬದಲಾಗುವಾಗ ವೋಲ್ಟೇಜ್ ಎಗರಿ ಅದು ಸುಟ್ಟರೆ, ಅಥವಾ ಎರಡು ಭಾಗಗಳ ನಡುವಿನ ಕೇಬಲ್ಲಿನ ಪಿನ್ ಬಾಗಿದರೆ, ಎರಡೂ ಬದಿ ಒಮ್ಮೆಗೇ ಸ್ತಬ್ಧ. ಒಂದು ಬದಿಯ ಲೇಸರ್ ಸವೆದಾಗ ಇಡೀ ಯಂತ್ರವನ್ನು ರಿಪೇರಿಗೆ ಬಿಡಬೇಕು. ರಿಪೇರಿಯಾಗುವವರೆಗೆ ದುಡಿಮೆ ನಿಂತಂತೆ.

ಸಿಂಗಲ್ ಡೆಕ್ ಮೇಲೇರಿದ ಬಗೆ

1994ರಲ್ಲಿ ಪಯೋನೀರ್ ಬಿಡುಗಡೆ ಮಾಡಿದ ಸಿಡಿಜೆ-500 ಒಂಟಿಯಾಗಿ ಮೇಜಿನ ಮೇಲೆ ಕೂರುವ, ಮೇಲಿನಿಂದ ಸಿಡಿ ಹಾಕುವ ಯಂತ್ರ. ಅಗಲವಾದ ಜಾಗ್ ವೀಲ್, ಆಯ್ದ ತುಣುಕನ್ನು ಮತ್ತೆ ಮತ್ತೆ ನುಡಿಸುವ ಲೂಪ್, ಜೊತೆಗೆ ಶ್ರುತಿ ಕಾಯುವ ಮಾಸ್ಟರ್ ಟೆಂಪೊ ಅದರಲ್ಲಿದ್ದವು. 1998ರ ಸಿಡಿಜೆ-100ಎಸ್ ಅದೇ ದಾರಿಯ ಅಗ್ಗದ ಮಾದರಿ. ದೊಡ್ಡ ತಿರುವು ಬಂದದ್ದು 2001ರ ಸಿಡಿಜೆ-1000ರಿಂದ. ಅದರ ಅಗಲವಾದ ಚಕ್ರದ ಮೇಲೆ ಅಂಗೈ ಇಟ್ಟರೆ ಹಾಡು ವಿನೈಲ್ ತಟ್ಟೆಯಂತೆ ನಿಲ್ಲುತ್ತಿತ್ತು, ಹಿಂದಕ್ಕೆ ಎಳೆದರೆ ಹಿಂದಕ್ಕೆ ಓಡುತ್ತಿತ್ತು. ಸ್ಕ್ರ್ಯಾಚ್ ಮಾಡಲು ತಟ್ಟೆಯೇ ಬೇಕೆಂಬ ಮಾತು ಅಲ್ಲಿಗೆ ಮುಗಿಯಿತು. ಜಗತ್ತಿನ ಕ್ಲಬ್ಬುಗಳಲ್ಲಿ ಎರಡು ಸಿಡಿಜೆ, ನಡುವೆ ಒಂದು ಮಿಕ್ಸರ್ ಎಂಬುದು ರೂಢಿಯಾಯಿತು.

ಚೆನ್ನೈನಲ್ಲಿ ಇದಕ್ಕೆ ನೆಲೆ ಒದಗಿಸಿದ್ದು ಸ್ಟಾರ್ ಹೋಟೆಲುಗಳು. ತಮಿಳುನಾಡಿನ ಮದ್ಯ ಪರವಾನಗಿ ಪದ್ಧತಿಯಿಂದಾಗಿ ಇಲ್ಲಿನ ನೈಟ್‌ಕ್ಲಬ್ಬುಗಳು ಹೆಚ್ಚಾಗಿ ಹೋಟೆಲಿನ ಒಳಗೇ ಇದ್ದವು. ಟಿಟಿಕೆ ರಸ್ತೆಯ ಪಾರ್ಕ್ ಶೆರಟನ್‌ನಲ್ಲಿ ಡಬ್ಲಿನ್, ಜೆಮಿನಿ ಫ್ಲೈಓವರ್ ಬಳಿಯ ದಿ ಪಾರ್ಕ್‌ನಲ್ಲಿ ಪಾಶಾ ಹೆಸರಾದವು. ದಿ ಪಾರ್ಕ್ ಎದ್ದು ನಿಂತಿರುವುದು ಹಿಂದಿನ ಜೆಮಿನಿ ಸ್ಟುಡಿಯೊ ಜಾಗದಲ್ಲಿ. 1948ರ 'ಚಂದ್ರಲೇಖಾ'ದ ಹೆಸರಾಂತ ನಗಾರಿ ನೃತ್ಯವನ್ನು ಕೊಟ್ಟ ಸಂಸ್ಥೆಯ ನೆಲದಲ್ಲೇ ಅರ್ಧ ಶತಮಾನದ ನಂತರ ಡಿಜೆ ಕನ್ಸೋಲ್ ಬಂತು. ಹೋಟೆಲಿನಲ್ಲಿ ಕನ್ಸೋಲ್ ಮಾಲೀಕರದ್ದು, ಜಾಗ ಬಿಟ್ಟು ಕದಲುವುದಿಲ್ಲ. ಡಿಜೆ ಹೊತ್ತು ತರಬೇಕಾದ್ದು ಹೆಡ್‌ಫೋನ್ ಮತ್ತು ಸಿಡಿ ಚೀಲ ಮಾತ್ರ. ಹೊರುವ ಭಾರ ಇಲ್ಲವಾದಾಗ ಡ್ಯುಯಲ್ ಡೆಕ್ಕಿನ ದೊಡ್ಡ ಅನುಕೂಲವೂ ಇಲ್ಲವಾಯಿತು. ಸಿಂಗಲ್ ಡೆಕ್ಕಿನ ದೊಡ್ಡ ಚಕ್ರ, ಒಂದು ಕೆಟ್ಟರೂ ಇನ್ನೊಂದು ನಡೆಯುವ ಧೈರ್ಯ ಗೆದ್ದವು. ಹೀಗೆ ಒಂದೇ ನಗರದಲ್ಲಿ ಎರಡು ಉತ್ತರ ಬೆಳೆದವು: ಮಂಟಪಕ್ಕೆ ಡ್ಯುಯಲ್, ಹೋಟೆಲಿಗೆ ಸಿಂಗಲ್. ವಾರದ ದಿನ ಹೋಟೆಲಿನಲ್ಲಿ, ಮುಹೂರ್ತದ ಹಿಂದಿನ ಸಂಜೆ ಮಂಟಪದಲ್ಲಿ ನುಡಿಸುವವರು ಎರಡೂ ಯಂತ್ರಕ್ಕೆ ಕೈ ಪಳಗಿಸಬೇಕಿತ್ತು.

ಸಿನಿಮಾ ಹಾಡಿನ ಬೇಡಿಕೆ

ಯಂತ್ರದ ಚರ್ಚೆಯಲ್ಲಿ ಹೆಚ್ಚಾಗಿ ಮರೆತುಹೋಗುವ ವಿಷಯ ಹಾಡಿನ ಸ್ವಭಾವ. ಕ್ಲಬ್ಬಿಗೆಂದೇ ಮಾಡಿದ ಹೌಸ್, ಟೆಕ್ನೊ ಸಂಗೀತದ ಮೊದಲಿಗೂ ಕೊನೆಗೂ ಬರಿಯ ತಾಳ ಇರುತ್ತದೆ, ಮಿಕ್ಸ್ ಮಾಡಲು ಜಾಗ ಬಿಟ್ಟೇ ಕಟ್ಟಿರುತ್ತಾರೆ. ನಮ್ಮ ಸಿನಿಮಾ ಹಾಡಿನಲ್ಲಿ ಪಲ್ಲವಿ, ನಡುವಿನ ವಾದ್ಯಭಾಗ, ಚರಣ ಒಂದರ ಬೆನ್ನಿಗೊಂದು ಬರುತ್ತವೆ. ಕೂಡಿಸಲು ಸಿಗುವುದು ಒಂದೆರಡು ಆವರ್ತ. ಅದನ್ನು ಲೂಪ್ ಹಾಕಿ ಹಿಗ್ಗಿಸಬೇಕು. ಲೂಪ್ ಸರಿಯಿಲ್ಲದ ಡೆಕ್ ಇಲ್ಲಿ ಅರ್ಧ ಡೆಕ್.

ಎರಡನೆಯದು ಧ್ವನಿ. ಹಾಡಿನ ವೇಗವನ್ನು ಶೇ. 6ರಷ್ಟು ಏರಿಸಿದರೆ ಶ್ರುತಿಯೂ ಸುಮಾರು ಅರ್ಧ ಸ್ವರ ಏರುತ್ತದೆ. ಬರಿಯ ವಾದ್ಯದಲ್ಲಿ ಅದು ಅಷ್ಟಾಗಿ ಕಿವಿಗೆ ಹತ್ತುವುದಿಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಅವರ ಧ್ವನಿಯನ್ನು ನಿದ್ದೆಯಲ್ಲೂ ಗುರುತಿಸುವ ಊರಿನಲ್ಲಿ ಮೊದಲ ಸಾಲಿಗೇ ಜನರ ಮುಖ ಬದಲಾಗುತ್ತದೆ. ವೇಗ ಬದಲಾದರೂ ಶ್ರುತಿ ಕಾಯುವ ಮಾಸ್ಟರ್ ಟೆಂಪೊ, ಅಂದರೆ ಕೀ ಲಾಕ್, ಚೆನ್ನೈ ಡಿಜೆಗೆ ಅತ್ಯಗತ್ಯವಾದ ಸೌಲಭ್ಯ. ಅಗ್ಗದ ಡ್ಯುಯಲ್ ಡೆಕ್ಕುಗಳಲ್ಲಿ ಬಹಳ ಕಾಲ ಅದು ಇರಲೇ ಇಲ್ಲ, ಇದ್ದ ಕಡೆ ದನಿ ಒಡೆದಂತೆ ಕೇಳುತ್ತಿತ್ತು.

ಮೂರನೆಯದು ತಾಳದ ಸ್ಥಿರತೆ. ವಾದ್ಯಗೋಷ್ಠಿ ಒಟ್ಟಿಗೆ ಕೂತು ನುಡಿಸಿ ಧ್ವನಿಮುದ್ರಿಸಿದ ಕಾಲದ ಹಾಡುಗಳಲ್ಲಿ ಲಯ ಉಸಿರಾಡುತ್ತದೆ, ಚರಣದಲ್ಲಿ ಕೂದಲೆಳೆಯಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. 1976ರ 'ಅನ್ನಕ್ಕಿಳಿ'ಯಿಂದ ಶುರುವಾದ ಇಳಯರಾಜಾ ಯುಗದ ಬಹುಪಾಲು ಹಾಡುಗಳು ಹಾಗೆ. 1960-70ರ ದಶಕಗಳಲ್ಲಿ ಕನ್ನಡ ಚಿತ್ರಗೀತೆಗಳ ದೊಡ್ಡ ಪಾಲು ಇದೇ ಮದ್ರಾಸಿನ ಸ್ಟುಡಿಯೊಗಳಲ್ಲೇ ತಯಾರಾದದ್ದು. ಅವುಗಳಿಗೂ ಈ ಮಾತು ಒಪ್ಪುತ್ತದೆ. ಇಂಥ ಹಾಡನ್ನು ಕೂಡಿಸುವಾಗ ಒಂದು ಕೈ ಸದಾ ಜಾಗ್ ವೀಲಿನ ಮೇಲಿದ್ದು, ತಾಳ ಜಾರಿದಾಗೆಲ್ಲ ತುಸು ತಳ್ಳುತ್ತ, ತುಸು ತಡೆಯುತ್ತ ಹೋಗಬೇಕು. ಒತ್ತೊತ್ತಾಗಿ ಗುಂಡಿಗಳಿರುವ ಡ್ಯುಯಲ್ ಡೆಕ್ಕಿನ ಪುಟ್ಟ ಚಕ್ರದಲ್ಲಿ ಅದು ಕಷ್ಟ. ಸಿಂಗಲ್ ಡೆಕ್ಕಿನ ಅಗಲ ಚಕ್ರದಲ್ಲಿ ಸಲೀಸು. 1992ರ 'ರೋಜಾ'ದಿಂದ ಎ.ಆರ್. ರೆಹಮಾನ್ ಅವರ ಸೀಕ್ವೆನ್ಸರ್ ಆಧಾರದ ತಾಳ ಮನೆಮಾತಾದ ಮೇಲೆ ಕೆಲಸ ಹಗುರಾಯಿತು. 1994ರ 'ಕಾದಲನ್' ಚಿತ್ರದ ಹಾಡುಗಳ ತಾಳ ಗಡಿಯಾರದಂತೆ ನಡೆಯುವುದರಿಂದ ಒಮ್ಮೆ ಹೊಂದಿಸಿದರೆ ಸಾಕು, ಯಾವ ಡೆಕ್ಕಾದರೂ ನಡೆಯುತ್ತದೆ.

ಇನ್ನು ತಮಿಳರ ಕುಣಿತದ ಹಾಡು ಡಪ್ಪಾಂಕುತ್ತು. ನಾಲ್ಕರ ನಡೆಯ ಹಾಡಿನಿಂದ ಆರರ ನಡೆಯ ಕುತ್ತು ಹಾಡಿಗೆ ಹೋಗುವಾಗ ವೇಗ ಹೊಂದಿಸಿ ಪ್ರಯೋಜನವಿಲ್ಲ, ಒಂದೇ ಏಟಿಗೆ ಕತ್ತರಿಸಿ ಹಾರಬೇಕು. ಅದಕ್ಕೆ ಬೇಕಾದ್ದು ಗುಂಡಿ ಒತ್ತಿದ ಕ್ಷಣವೇ ಶುರುವಾಗುವ ಕ್ಯೂ. ಅದರಲ್ಲಿ ಒಳ್ಳೆಯ ಡ್ಯುಯಲ್ ಡೆಕ್ ಯಾರಿಗೂ ಕಡಿಮೆಯಿರಲಿಲ್ಲ. ಮಂಟಪದಲ್ಲಿ ಅದು ಅಷ್ಟು ಕಾಲ ಬಾಳಿದ್ದಕ್ಕೆ ಇದೂ ಒಂದು ಕಾರಣ.

ಬರೆಯುವ ಸಿಡಿ, ಕಡಲ ಗಾಳಿ

2000ದ ಆಸುಪಾಸಿನಲ್ಲಿ ಕಂಪ್ಯೂಟರಿನಲ್ಲಿ ಸಿಡಿ ಬರೆಯುವುದು ಸುಲಭವಾಯಿತು. ರಿಚ್ಚಿ ಸ್ಟ್ರೀಟಿನಲ್ಲಿ ಖಾಲಿ ಸಿಡಿ, ಬೀಚ್ ಸ್ಟೇಷನ್ ಎದುರಿನ ಬರ್ಮಾ ಬಜಾರಿನಲ್ಲಿ ಹೊರದೇಶದ ಸಾಮಾನು ಸಿಗುತ್ತಿದ್ದ ಕಾಲ ಅದು. 700 ಎಂಬಿಯ ಒಂದು ತಟ್ಟೆಯಲ್ಲಿ ನೂರಕ್ಕೂ ಹೆಚ್ಚು ಎಂಪಿ3 ಹಾಡು ಹಿಡಿಸುತ್ತಿದ್ದವು. ಆದರೆ ಹಳೆಯ ಡೆಕ್ಕುಗಳಿಗೆ ಆ ತಟ್ಟೆ ಓದಲು ಬಾರದು. ಸಿಡಿಜೆ-200, 2006ರ ಸಿಡಿಜೆ-1000 ಎಂಕೆ3 ಮುಂತಾದವು ಬಂದ ಮೇಲೆ ಆ ತೊಡಕು ನೀಗಿತು. ಮನೆಯಲ್ಲಿ ಬರೆದ ತಟ್ಟೆಗಳನ್ನು ಓದಲು ಲೇಸರ್ ಚುರುಕಾಗಿರಬೇಕು. ಚೆನ್ನೈನಲ್ಲಿ ಅದನ್ನು ಚುರುಕಾಗಿ ಇಟ್ಟುಕೊಳ್ಳುವುದೇ ಸಾಹಸ. ಎಸಿ ಕಾರಿನಲ್ಲಿ ತಣ್ಣಗಾದ ಯಂತ್ರವನ್ನು ಈಸ್ಟ್ ಕೋಸ್ಟ್ ರಸ್ತೆಯ (ಈಸಿಆರ್) ಕಡಲಂಚಿನ ಪಾರ್ಟಿಗೆ ಇಳಿಸಿದರೆ ಸೆಕೆಯ ತೇವ ಲೆನ್ಸಿನ ಮೇಲೆ ಹನಿಗಟ್ಟಿ ಸಿಡಿ ಓದುವುದಿಲ್ಲ. ಹೊರಗಿನ ಶಾಖಕ್ಕೆ ಯಂತ್ರ ಹೊಂದಿಕೊಳ್ಳುವವರೆಗೆ ಕಾಯುವುದೊಂದೇ ದಾರಿ. ಈ ತೊಂದರೆ ಡ್ಯುಯಲ್, ಸಿಂಗಲ್ ಎರಡಕ್ಕೂ ಒಂದೇ.

ಸಿಡಿ ಹೋದ ಮೇಲೆ

2009ರ ಸಿಡಿಜೆ-2000 ಯುಎಸ್‌ಬಿಯಿಂದ ಹಾಡು ಓದಿತು, ರೆಕಾರ್ಡ್‌ಬಾಕ್ಸ್ ತಂತ್ರಾಂಶದಲ್ಲಿ ಮನೆಯಲ್ಲೇ ಗುರುತು ಹಾಕಿಕೊಳ್ಳುವ ಅನುಕೂಲ ತಂದಿತು. 2020ರ ಸಿಡಿಜೆ-3000ದಲ್ಲಿ ಸಿಡಿ ಹಾಕುವ ಕಿಂಡಿಯೇ ಇಲ್ಲ. ರ‍್ಯಾಕಿನ ಡ್ಯುಯಲ್ ಡೆಕ್ ಬಹುಮಟ್ಟಿಗೆ ಮರೆಯಾಯಿತು. ಆದರೆ ಅದರ ಜಾಗಕ್ಕೆ ಲ್ಯಾಪ್‌ಟಾಪಿಗೆ ಜೋಡಿಸುವ ಕಂಟ್ರೋಲರ್ ಬಂತು, 2015ರ ಎಕ್ಸ್‌ಡಿಜೆ-ಆರ್‌ಎಕ್ಸ್‌ನಂಥ ಎಲ್ಲವೂ ಒಂದರಲ್ಲೇ ಇರುವ ಯಂತ್ರ ಬಂತು. ಎರಡು ಚಕ್ರ, ಮಿಕ್ಸರ್, ಒಂದೇ ಕರೆಂಟ್ ವೈರು: ಡ್ಯುಯಲ್ ಡೆಕ್ಕಿನ ಗುಣವೂ ದೋಷವೂ ಹಾಗೆಯೇ ಇವಕ್ಕೆ ಇಳಿದಿವೆ. ಚಕ್ರ ದೊಡ್ಡದಾಗಿದೆ, ಕೀ ಲಾಕ್ ಸುಧಾರಿಸಿದೆ. ಒಂದೇ ಕಡೆ ಕೆಟ್ಟರೆ ಎಲ್ಲವೂ ನಿಲ್ಲುವ ಅಪಾಯ ಮಾತ್ರ ಉಳಿದಿದೆ.

ಆದ್ದರಿಂದ ಇಂದು ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರಿಗೆ ಹೇಳಬೇಕಾದ್ದು ಇಷ್ಟು. ಮದುವೆ, ಕಾಲೇಜು ಉತ್ಸವಗಳಿಗೆ ಓಡಾಡುವವರಿಗೆ ಒಂದೇ ಪೆಟ್ಟಿಗೆಯ ಯಂತ್ರ ಸರಿಯಾದ ಆಯ್ಕೆ, ಅದರಲ್ಲಿ ಹಿಂಜರಿಯಬೇಕಿಲ್ಲ. ಆದರೆ ಜೊತೆಗೆ ಸ್ಟೆಬಿಲೈಸರ್ ಇರಲಿ, ಸೌಂಡ್ ಸಿಸ್ಟಮ್ಮಿಗೆ ನೇರ ಸಿಕ್ಕಿಸಬಹುದಾದ ಇನ್ನೊಂದು ಹಾಡಿನ ಮೂಲ, ಫೋನೇ ಆದರೂ, ಸಿದ್ಧವಿರಲಿ. ಕ್ಲಬ್ಬಿನ ಕನ್ಸೋಲ್ ಗುರಿಯಾದವರು ಹಳೆಯದಾದರೂ ಬಿಡಿಬಿಡಿ ಪ್ಲೇಯರುಗಳ ಮೇಲೆ ಕಲಿಯಬೇಕು, ಏಕೆಂದರೆ ಅಲ್ಲಿ ಕೈಗೆ ಸಿಗುವುದು ಅವೇ. ಸೆಕೆಂಡ್ ಹ್ಯಾಂಡ್ ಸಿಡಿ ಡೆಕ್ ಕೊಳ್ಳುವವರು ತಾವೇ ಬರೆದ ತಟ್ಟೆಯೊಂದನ್ನು ಒಯ್ದು, ಕೊನೆಯ ಹಾಡನ್ನು ಹಾಕಿ ನೋಡಬೇಕು. ಸಿಡಿ ಒಳಗಿನಿಂದ ಹೊರಕ್ಕೆ ಓದಿಸಿಕೊಳ್ಳುವುದರಿಂದ, ಸವೆದ ಯಂತ್ರ ಹೆಚ್ಚಾಗಿ ಎಡವುವುದು ಆ ಅಂಚಿನಲ್ಲೇ. ಎಲ್ಲರಿಗೂ ಅನ್ವಯಿಸುವ ಪರೀಕ್ಷೆ ಇನ್ನೊಂದಿದೆ: ಅಂಗಡಿಯಲ್ಲಿ ಹಳೆಯ ಇಳಯರಾಜಾ ಹಾಡೊಂದನ್ನು ಶೇ. 6 ಏರಿಸಿ, ಕೀ ಲಾಕ್ ಒತ್ತಿ, ಹಾಡುವವರ ಧ್ವನಿ ಕೇಳಿ. ಆ ಧ್ವನಿಯನ್ನು ಕೆಡಿಸದ ಯಂತ್ರಕ್ಕೇ ಹಣ ಕೊಡಿ.