ಕಾವಲಿಯ ಮೇಲಿನ ಚರಿತ್ರೆ

ಕಡಲ ಮೀನಿಗೆ ಹುಣಿಸೆ, ಅರಿಸಿನ, ಖಾರದಪುಡಿ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಬೆಳಗಾವಿಯ ಮನೆಯೂಟ ಸಿದ್ಧ. ವಾಚಕರೇ, ಆ ಅರ್ಧ ಗಂಟೆಯ ಹಿಂದೆ ಎಷ್ಟು ಶತಮಾನಗಳಿವೆ, ಬಲ್ಲಿರಾ?

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೇ ಮೀನನ್ನು ಹುಣಿಸೆಯ ರಸದೊಡನೆ ಬೇಯಿಸುವ, ಎಣ್ಣೆಯಲ್ಲಿ ಕರಿಯುವ ಕ್ರಮವುಂಟು. ಅಂದಿನ ಖಾರ ಕರಿಮೆಣಸಿನದು. ಅಮೆರಿಕೆಯ ಮೆಣಸಿನಕಾಯಿಯನ್ನು ತಂದವರು 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರು. ಇನ್ನು ಮೀನು ಬರಬೇಕಾದರೆ ನಡುವೆ ಸಹ್ಯಾದ್ರಿ, ಖಾನಾಪುರದ ದಟ್ಟ ಕಾಡು. 1888ರಲ್ಲಿ ಮೊರ್ಮುಗಾಂವ್ ಬಂದರಿನ ರೈಲುಹಾದಿ ಘಟ್ಟವೇರಿತು. ಖಾನಾಪುರ ತಾಲ್ಲೂಕಿನ ಲೋಂಡಾದ ಮೂಲಕ ಬೆಳಗಾವಿಗೆ ಕಡಲು ಹತ್ತಿರವಾಯಿತು.

ಇದು ನಮ್ಮದು, ಅದು ಪರರದು ಎಂದು ಗೆರೆಯೆಳೆಯುವ ಮುನ್ನ ನಮ್ಮ ಒಲೆಯ ಮೇಲಿನ ಕಾವಲಿಯನ್ನೊಮ್ಮೆ ನೋಡುವುದು ಒಳಿತು.